ಮರಳಿನ ಮೇಲೆ ಏಳು ಸುತ್ತು

"ತಡವಾಗಿದ್ದಕ್ಕೆ ಕ್ಷಮಿಸಿ."

ಮೀನುಗಾರರ ಸಂಘದ ಬಾಗಿಲಲ್ಲಿ ನಿಂತವನು ಇಟಾಲಿಯನ್ ಭಾಷೆಯಲ್ಲಿ ಹೇಳಿದ ಮೊದಲ ಮಾತು ಅದು. ಅದನ್ನು ಮಾಲ್ಟೀಸ್‌ನಲ್ಲಿ ತಿರುಗಿ ಹೇಳಬೇಕಾದವಳು ಮಾರ್ತೀಸ್. ಕೇಬಲ್ ಎಳೆಯುವ ಕಂಪನಿಗೂ ಮೀನುಗಾರರಿಗೂ ನಡುವೆ ನಿಂತು ಮಾತು ದಾಟಿಸುವುದೇ ಅವಳ ನೌಕರಿ.

ಆದರೆ ಅವಳ ಬಾಯಿ ತೆರೆಯಲೇ ಇಲ್ಲ.

ಕೊರಾಡೊ!

ಹನ್ನೊಂದು ವರ್ಷ... ಕಿವಿಯ ಮೇಲಿನ ಕೂದಲು ಬೆಳ್ಳಗಾಗಿದೆ. ಮುಖ ಸ್ವಲ್ಪ ತುಂಬಿಕೊಂಡಿದೆ. ನಿಲ್ಲುವ ರೀತಿ ಮಾತ್ರ ಅದೇ. ಒಂದು ಕಾಲು ಮುಂದಿಟ್ಟು, ನೆಲ ಯಾವ ಗಳಿಗೆಯಲ್ಲಾದರೂ ಅಲುಗಾಡಬಹುದು ಎಂಬಂತೆ ನಿಲ್ಲುತ್ತಾನೆ.

'ಇಡೀ ಸಿಸಿಲಿಯಲ್ಲಿ ಇವನೊಬ್ಬನೇನಾ ಇದ್ದಿದ್ದು? ಬೇರೆ ಯಾರನ್ನೂ ಕಳಿಸೋಕಾಗಲಿಲ್ವಾ?'

"ಏನಮ್ಮಾ, ನಾಲಿಗೆ ಬಲೆಗೆ ಸಿಕ್ಕಿಹಾಕಿಕೊಂಡಿತಾ?" ಎಂದ ಮುಂದಿನ ಸಾಲಿನ ಚೆನ್ಸು ಮಾಮ. ಎಪ್ಪತ್ತು ದಾಟಿದ, ಸಲೀನಾ ಕೊಲ್ಲಿಯ ಅತಿ ಹಿರಿಯ ಮೀನುಗಾರ. ಹಾಲ್ ತುಂಬಾ ನಗು.

ಮಾರ್ತೀಸ್ ಗಂಟಲು ಸರಿಮಾಡಿಕೊಂಡಳು. "ತಡವಾಗಿದ್ದಕ್ಕೆ ಕ್ಷಮಿಸಿ ಅಂತಿದ್ದಾರೆ."



ಕೊರಾಡೊ ಅವಳ ಕಡೆ ನೋಡದೆ ಗೋಡೆಗೆ ನಕ್ಷೆ ತೂಗುಹಾಕಿದ. ಸಿಸಿಲಿಯಿಂದ ಮಾಲ್ಟಾಗೆ ಕರೆಂಟು ತರುವ ಒಂದು ಕೇಬಲ್ ಈಗಾಗಲೇ ಕಡಲತಳದಲ್ಲಿದೆ. ಈಗ ಅದರ ಪಕ್ಕದಲ್ಲಿ ಎರಡನೆಯದು. ಮೊದಲು ತಳವನ್ನು ಅಳೆಯಬೇಕು. ಮೂರು ವಾರ ಆ ದಾರಿಯಲ್ಲಿ ಬಲೆ ಹಾಕಬಾರದು.

"ಹೋದ ಸಲಾನೂ ಮೂರು ವಾರ ಅಂದು ಮೂರು ತಿಂಗಳು ಮಾಡಿದ್ರಿ!" ಹಿಂದಿನಿಂದ ಯಾರೋ ಕೂಗಿದರು.

"ಹೋದ ಸಲ ಗಾಳಿ ನಮ್ಮ ಮಾತು ಕೇಳಲಿಲ್ಲ" ಎಂದ ಕೊರಾಡೊ.

"ಗಾಳಿ ಮಾಲ್ಟಾದ್ದು ಕಣಯ್ಯಾ. ಸಿಸಿಲಿಯವರ ಮಾತು ಯಾಕೆ ಕೇಳುತ್ತೆ?"

ಮತ್ತೆ ನಗು. ಆ ನಗುವಿನ ನಡುವೆಯೇ ಚೆನ್ಸು ಮಾಮ ಎದ್ದುನಿಂತ. ಅವನು ನಗುತ್ತಿರಲಿಲ್ಲ.

"ಒಂದು ಮಾತು ಕೇಳು ಮಗಳೇ ಅವನನ್ನ. ಹೋದ ಸಲ ನಾರ್ದು ಬಂಡೆಯನ್ನ ಕಾಗದದ ಮೇಲೆ ಹಾಕಿ ಊರಿಗೆಲ್ಲ ಹಂಚಿದ್ರಲ್ಲ... ಈ ಸಲ ಯಾರ ಸರದಿ?"

ಹಾಲ್ ತಣ್ಣಗಾಯಿತು. ನಾರ್ದು ಎಂದರೆ ಮಾರ್ತೀಸಳ ಅಪ್ಪ. ಎಲ್ಲರ ಕಣ್ಣೂ ಅವಳ ಮೇಲೆ.

ಅವಳು ಆ ಪ್ರಶ್ನೆಯನ್ನು ಇಟಾಲಿಯನ್‌ಗೆ ತಿರುಗಿಸಿದಳು. ಒಂದಕ್ಷರ ಬಿಡದೆ, ಅವನ ಕಣ್ಣಲ್ಲಿ ಕಣ್ಣಿಟ್ಟು.

ಕೊರಾಡೊ ನಕ್ಷೆಯ ಕಡೆ ತಿರುಗಿದ. "ಕಂಡಿದ್ದನ್ನೆಲ್ಲ ಹಾಕಲೇಬೇಕು. ಕಾನೂನು ಹಾಗಿದೆ" ಎಂದ. ದನಿ ಸಣ್ಣದಾಗಿತ್ತು.

ಸಭೆ ಮುಗಿದ ಮೇಲೆ ಅವನು ಹತ್ತಿರ ಬಂದ. "ಮಾರ್ತೀಸ್... ಹೇಗಿದ್ದೀಯ?"

"'ಹೇಗಿದ್ದೀರಿ' ಅನ್ನಿ. ನಾವು ಕೆಲಸದ ಮೇಲೆ ಬಂದಿರೋರು."

"ಸರಿ. ನಿಮ್ಮ ಅಪ್ಪ ಹೇಗಿದ್ದಾರೆ?"

ಅವಳ ಮೈ ಉರಿದುಹೋಯಿತು! "ಅವರ ಹೆಸರು ಎತ್ತೋ ಯೋಗ್ಯತೆ ನಿಮಗಿಲ್ಲ" ಎಂದವಳೇ ಹೊರಗೆ ನಡೆದಳು. ಮನೆ ಸೇರುವವರೆಗೂ ತಿರುಗಿ ನೋಡಲಿಲ್ಲ.

ಆದರೆ ನೆನಪು ಹಿಂದೆಯೇ ಬಂತು.

*

ಆಗ ಅವಳಿಗೆ ಇಪ್ಪತ್ತೆರಡು. ಮೊದಲ ಕೇಬಲ್‌ನ ದಿನಗಳು. ಮೀನುಗಾರನ ಮಗಳು, ಟಿವಿ ನೋಡಿ ನೋಡಿ ಇಟಾಲಿಯನ್ ಕಲಿತವಳು ಎಂದು ಕಂಪನಿ ಕೆಲಸ ಕೊಟ್ಟಿತ್ತು. ಕೊರಾಡೊ ಸಿಸಿಲಿಯ ಪೊಜ್ಜಾಲ್ಲೊ ಬಂದರಿನ ಹುಡುಗ, ಅಳತೆಯ ಹಡಗಿನ ಎಂಜಿನಿಯರ್.

ಮೊದಲ ದಿನವೇ ಪಸ್ತಿತ್ಸಿ ಎಂಬ ಬಿಸಿ ಪಫ್ ಒಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ನಾಲಿಗೆ ಸುಟ್ಟುಕೊಂಡಿದ್ದ. ಒಳಗಿನ ರಿಕೊತ್ತ ಚೀಸ್ ಕುದಿಯುತ್ತಿತ್ತು. ಕಣ್ಣಲ್ಲಿ ನೀರು, ಬಾಯಿಂದ ಹೊಗೆ!

"ಊದಿ ತಿನ್ನಬೇಕು ಅಂತ ನಿಮ್ಮಮ್ಮ ಹೇಳಿಕೊಟ್ಟಿಲ್ವಾ?" ಎಂದು ಅವಳು ನಕ್ಕಿದ್ದಳು.

"ನಮ್ಮಮ್ಮ ಊದಿಯೇ ಕೊಡ್ತಿದ್ದಳು" ಎಂದಿದ್ದ ಅವನು, ನಾಲಿಗೆ ಹೊರಚಾಚಿಕೊಂಡೇ.

ಆ ಬೇಸಿಗೆ ಎಷ್ಟು ಉದ್ದವಿತ್ತು! ಮಧ್ಯಾಹ್ನ ಹಡಗು ದಡಕ್ಕೆ ಬಂದರೆ ಅವನು ಉಪ್ಪಿನ ಗದ್ದೆಗಳ ಅಂಚಿನಲ್ಲಿ ಕಾಯುತ್ತಿದ್ದ. ಗಾಜಿನ ಲೋಟದಲ್ಲಿ ಚಹಾ, ಎಣ್ಣೆ ಟೊಮೆಟೊ ಸವರಿದ ಬ್ರೆಡ್ಡು, ಮೈಗೆ ಮೆತ್ತಿದ ಉಪ್ಪಿನ ವಾಸನೆ. ಕೈ ಹಿಡಿಯುವುದಕ್ಕೆ ಅವನಿಗೆ ಹದಿನೆಂಟು ದಿನ ಬೇಕಾಗಿತ್ತು. ಅವಳು ಲೆಕ್ಕ ಇಟ್ಟಿದ್ದಳು.

ಒಂದು ದಿನ ಅವಳು ಹೇಳಬಾರದ್ದನ್ನು ಹೇಳಿಬಿಟ್ಟಳು.

ಆ ಕರಾವಳಿಯಲ್ಲಿ ಪ್ರತಿ ಮನೆಗೂ ಒಂದು ಬಂಡೆ ಇತ್ತು. ನೀರಿನಡಿ ಅರವತ್ತು ಮೀಟರ್ ಆಳದಲ್ಲಿ ಮೀನು ಸೇರುವ ಜಾಗ. ದಡದ ಮೇಲಿನ ಎರಡು ಗುರುತುಗಳನ್ನು ಒಂದರ ಮೇಲೊಂದು ಕೂರಿಸಿ ಅದನ್ನು ಹುಡುಕಬೇಕು. ಆ ಗುರುತು ಮನೆಯ ಗುಟ್ಟು. ಅಪ್ಪ ಅವಳನ್ನು ಚಿಕ್ಕಂದಿನಲ್ಲಿ ದೋಣಿಯಲ್ಲಿ ಕರೆದುಕೊಂಡು ಹೋದಾಗಲೂ ಬಂಡೆ ಹತ್ತಿರ ಬಂದಕೂಡಲೇ, "ಆ ಕಡೆ ತಿರುಗು. ಸಿಸಿಲಿ ನೋಡು" ಎನ್ನುತ್ತಿದ್ದ. ಅವಳು ತಿರುಗಿ ಕೂರುತ್ತಿದ್ದಳು. ಆಕಾಶ ತಿಳಿಯಾಗಿದ್ದ ದಿನ ದೂರದಲ್ಲಿ ಎತ್ನಾ ಬೆಟ್ಟದ ಹಿಮ ಕಾಣುತ್ತಿತ್ತು.

ಹದಿನೆಂಟು ತುಂಬಿದ ದಿನ ಅಪ್ಪ ಕಿವಿಯಲ್ಲಿ ಹೇಳಿದ್ದ. "ಚರ್ಚಿನ ಗುಮ್ಮಟ ಕಾವಲುಗೋಪುರದ ಎಡ ಹೆಗಲ ಮೇಲೆ ಕೂರಬೇಕು. ಆ ಕಡೆ ಗಂಟೆಗೋಪುರ ಉಪ್ಪಿನ ಗೋದಾಮಿನ ಹಿಂದೆ ಅಡಗಬೇಕು. ಅಲ್ಲಿದೆ ನಮ್ಮ ಬಂಡೆ. ಸತ್ತರೂ ಯಾರಿಗೂ ಹೇಳಬೇಡ."

ಅಮ್ಮ ತೀರಿಕೊಂಡ ಮೇಲೆ ಅಪ್ಪ ಅವಳಿಗೆ ಕೊಟ್ಟ ಅತಿ ದೊಡ್ಡ ಉಡುಗೊರೆ ಅದು. ಅವಳು ಅದನ್ನು ಕೊರಾಡೊಗೆ ಹೇಳಿದಳು!

"ಕೇಬಲ್ ಅದರ ಮೇಲೆ ಹೋಗದ ಹಾಗೆ ನೋಡ್ಕೋ. ಯಾರಿಗೂ ಗೊತ್ತಾಗಬಾರದು."

"ನನ್ನಾಣೆ" ಎಂದಿದ್ದ ಅವನು.

ಮೂರು ತಿಂಗಳಿಗೆ ಸಂಘದ ಬಾಗಿಲ ಮೇಲೆ ಸೂಚನಾಪತ್ರ ಅಂಟಿತು. ಕೇಬಲ್ ಹೋಗುವ ದಾರಿ, ತಳದಲ್ಲಿ ಸಿಕ್ಕಿದ ಅಡೆತಡೆಗಳು. ಅದರಲ್ಲೊಂದು ಸಣ್ಣ ಶಿಲುಬೆ ಗುರುತು, ಪಕ್ಕದಲ್ಲಿ ಅಂಕಿಗಳು. ವಾರದೊಳಗೆ ಎರಡೂ ದೇಶಗಳ ಮೂವತ್ತು ದೋಣಿಗಳು ಅಪ್ಪನ ಬಂಡೆಯ ಮೇಲೆ ಮುಗಿಬಿದ್ದವು. ಎರಡು ಬೇಸಿಗೆಯಲ್ಲಿ ಅಲ್ಲಿ ಮೀನೇ ಉಳಿಯಲಿಲ್ಲ.

"ಆ ಗುರುತು ಹಾಕಿದ್ದು ನೀನಾ?" ಎಂದು ಅವಳು ಕೇಳಿದ್ದಳು, ಬಂದರಿನಲ್ಲಿ, ಎಲ್ಲರ ಎದುರು.

ಅವನು ಏನೋ ಹೇಳಲು ಬಾಯಿ ತೆರೆದ. ಮುಚ್ಚಿದ. ಮುಖ ಬಿಳಿಚಿಕೊಂಡಿತು.

"ಹೌದು. ನಾನೇ" ಎಂದ.

ಅಷ್ಟೇ. ಅಲ್ಲಿಗೆ ಮುಗಿಯಿತು.

*

ಸಭೆಯಾಗಿ ಐದನೆಯ ದಿನ ಅವಳು ಅಳತೆಯ ಹಡಗು ಹತ್ತಬೇಕಾಯಿತು. ಮೀನುಗಾರರ ಪರವಾಗಿ ಒಬ್ಬರು ಹಡಗಿನಲ್ಲಿರಬೇಕೆಂಬುದು ಈ ಸಲದ ಹೊಸ ನಿಯಮ. ಕೊರಾಡೊ ಹಿಂಭಾಗದಲ್ಲಿ ಹಗ್ಗದ ಯಂತ್ರದ ಹತ್ತಿರವೇ ಉಳಿದ. ಅವಳ ಎದುರು ಬರಲಿಲ್ಲ.

ಒಳಗೆ ಪರದೆಯ ಮುಂದೆ ಅಗಾತಾ ಎಂಬ ಹೆಂಗಸು ಕೂತಿದ್ದಳು. ಪಾಲೆರ್ಮೊದವಳು, ಬಾಯಿಗೆ ಬಿಡುವಿಲ್ಲದವಳು.

"ಬನ್ನಿ, ಕೂತ್ಕೊಳ್ಳಿ. ಕೆಂಪು ಗೆರೆ ಈಗ ನಾವು ಹೋಗ್ತಿರೋ ದಾರಿ. ನೀಲಿ ಗೆರೆ ಹನ್ನೊಂದು ವರ್ಷದ ಹಿಂದೆ ಅಳೆದಿದ್ದು. ಎಷ್ಟು ನೆಟ್ಟಗಿದೆ ನೋಡಿ, ಬಾಚಣಿಗೆಯಲ್ಲಿ ಬಾಚಿದ ಹಾಗೆ."

ನೀಲಿ ಗೆರೆಗಳು ನಿಜಕ್ಕೂ ನೆಟ್ಟಗಿದ್ದವು. ಒಂದು ಜಾಗವನ್ನು ಬಿಟ್ಟು. ದಾರಿಯ ಪಟ್ಟಿಯಿಂದ ಆಚೆ ಗೆರೆ ಹೊರಗೆ ಹೋಗಿ ಸುತ್ತಿ ಸುತ್ತಿ, ಉಂಡೆ ಕಟ್ಟಿದ ದಾರದಂತಾಗಿತ್ತು.

"ಇದೇನಿದು?"

"ಅಯ್ಯೋ, ಅದಾ!" ಅಗಾತಾ ನಕ್ಕಳು. "ಏಳು ಸುತ್ತು ಹಾಕಿದ್ದಾರೆ ಮಹಾನುಭಾವರು. ಕೆಳಗೆ ಏನೂ ಇಲ್ಲ. ಬರೀ ಮರಳು, ತಟ್ಟೆ ಹಾಗಿದೆ. ಒಂದು ಕಲ್ಲೂ ಇಲ್ಲ. ಡೀಸೆಲ್ ದಂಡ."

"ಯಾರು?"

"ಇನ್ಯಾರು, ನಮ್ಮ ಕೊರಾಡೊ. ಏನು ಹುಡುಕ್ತಿದ್ದೆ ಅಂತ ಕೇಳಿದ್ರೆ ಹೇಳಲ್ಲ. ಈಗ ನಾವು ಅದರ ಪಕ್ಕದಲ್ಲೇ ಹೋಗ್ತಿದ್ದೀವಿ, ನೋಡಿ ಬೇಕಾದ್ರೆ."

ಮಾರ್ತೀಸ್ ಕಿಟಕಿಯಿಂದ ದಡದ ಕಡೆ ನೋಡಿದಳು. ಇಷ್ಟು ದೂರ ಬಂದು, ಸಿಸಿಲಿಗೆ ಬೆನ್ನು ಹಾಕಿ, ದಡವನ್ನು ನೋಡುತ್ತಿದ್ದುದು ಜೀವನದಲ್ಲಿ ಅದೇ ಮೊದಲು.

ಗುಮ್ಮಟ ನಿಧಾನವಾಗಿ ಸರಿಯಿತು... ಸರಿದು... ಕಾವಲುಗೋಪುರದ ಎಡ ಹೆಗಲ ಮೇಲೆ ಕೂತಿತು. ಗಂಟೆಗೋಪುರ ಗೋದಾಮಿನ ಹಿಂದೆ ಅಡಗಿತು.

ಅವಳು ಕಿಟಕಿಯ ಅಂಚು ಹಿಡಿದುಕೊಂಡಳು.

"ಇಲ್ಲಿ... ಇಲ್ಲಿ ಬಂಡೆ ಇಲ್ವಾ?"

"ಹೇಳಿದ್ನಲ್ಲ, ಮರಳು."

"ಮತ್ತೆ ಆ ಶಿಲುಬೆ ಹಾಕಿದ ಬಂಡೆ?"

"ಅದು ಅಲ್ಲಿ. ಪೂರ್ವಕ್ಕೆ ಮುಕ್ಕಾಲು ಮೈಲಿ." ಅಗಾತಾ ಪರದೆಯ ಮೇಲೆ ಬೆರಳಿಟ್ಟಳು. "ಯಾಕ್ರೀ, ಮೈ ಹುಷಾರಿಲ್ವಾ? ಮೊದಲ ಸಲ ಹಡಗು ಹತ್ತಿದವರಿಗೆ ಹೀಗೇ. ನಿಂಬೆಹಣ್ಣು ಕೊಡ್ಲಾ?"

ಅವಳಿಗೆ ಕೇಳಿಸಲಿಲ್ಲ. ತಾನು ಹೇಳಿದ ಜಾಗದಲ್ಲಿ ಬಂಡೆಯೇ ಇರಲಿಲ್ಲ. ಅಂದರೆ ತಾನು ಹೇಳಿದ್ದನ್ನು ಅವನು ಯಾರಿಗೂ ಕೊಟ್ಟಿರಲಿಲ್ಲ... ಕೊಡುವುದಕ್ಕೆ ಅಲ್ಲಿ ಏನೂ ಇರಲೇ ಇಲ್ಲ! ಅವಳ ಬಂಡೆಯನ್ನು ಕಾಪಾಡಬೇಕೆಂದು ಏಳು ಸಲ ಹುಡುಕಿ, ಸಿಗದೆ, ಬೇರೆ ಕಡೆ ಕಂಡ ಬಂಡೆಗೆ ಕಾನೂನಿನಂತೆ ಗುರುತು ಹಾಕಿದ್ದ. ಅದು ಅಪ್ಪನದೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ಬಂದರಿನಲ್ಲಿ ಅವಳು ಕೇಳಿದಾಗ ಗೊತ್ತಾಗಿತ್ತು. ಅದಕ್ಕೇ ಬಾಯಿ ತೆರೆದಿದ್ದ. ಅದಕ್ಕೇ ಮುಚ್ಚಿದ್ದ.

*

ನಾರ್ದು ಮನೆ ಮುಂದೆ ಕೂತು ಮೀನು ಹಿಡಿಯುವ ಬುಟ್ಟಿ ಹೆಣೆಯುತ್ತಿದ್ದ.

"ಅಪ್ಪಾ, ಎಡ ಹೆಗಲಾ? ಬಲ ಹೆಗಲಾ?"

ಅವನ ಕೈ ನಿಂತಿತು. ತಲೆ ಎತ್ತಲಿಲ್ಲ.

"...ಬಲ."

"ಅಪ್ಪಾ!"

"ಮೊದಲ ಸಲ ಸುಳ್ಳು ಗುರುತೇ ಕೊಡೋದು ಮಗಳೇ. ನಮ್ಮ ಮನೇಲಿ ಹಾಗೇ ಬಂದಿದೆ. ನಮ್ಮಪ್ಪನೂ ನನಗೆ ಸುಳ್ಳೇ ಹೇಳಿದ್ದ. ಎಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದೀನಾ ಅಂತ ನೋಡಿ, ಆಮೇಲೆ ನಿಜ ಹೇಳಿದ." ಸ್ವಲ್ಪ ತಡೆದು ಗೊಣಗಿದ, "ನೀನು ನಾಲ್ಕು ವರ್ಷ ತಡೆದೆ. ಪರವಾಗಿಲ್ಲ."

"ನಾನು ಹೇಳಿದ್ದು ನಿನಗೆ ಗೊತ್ತಿತ್ತಾ?"

"ಅವನ ಹಡಗು ಬರೀ ಮರಳಿನ ಮೇಲೆ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ನಾನು ದೋಣಿಯಲ್ಲಿ ಕೂತು ನೋಡ್ತಿದ್ದೆ. ನಗು ಬಂತು. ಆಮೇಲೆ... ಬರಲಿಲ್ಲ."

ಮಾರ್ತೀಸಳ ದನಿ ಒಡೆಯಿತು. "ಅಂದ್ರೆ ಅವನು ಮೋಸ ಮಾಡಿಲ್ಲ ಅಂತ ನಿನಗೆ ಗೊತ್ತಿತ್ತು. ನಾನು ಒಂದು ವರ್ಷ ಅತ್ತೆ. ನೀನು ನೋಡ್ತಾ ಕೂತಿದ್ದೆ!"

ನಾರ್ದು ಬುಟ್ಟಿಯನ್ನು ಕೆಳಗಿಟ್ಟ. ಅವನ ದೊಡ್ಡ ಕೈಗಳು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಮಂಡಿಯ ಮೇಲೆ ಓಡಾಡಿದವು.

"ಹೇಳಿದ್ರೆ ನೀನು ಅವನ ಹಿಂದೆ ಹೋಗ್ತಿದ್ದೆ. ನಿಮ್ಮಮ್ಮ ಹೋಗಿ ಆಗಿನ್ನೂ ಐದು ವರ್ಷ... ಇವತ್ತು ಹೇಳೋಣ, ನಾಳೆ ಹೇಳೋಣ ಅಂದ್ಕೊಂಡೆ. ಹೆದರಿಕೆ ಆಯ್ತು ಕಣೇ. ಆಮೇಲೆ ನಾಚಿಕೆ ಆಯ್ತು. ನಾಚಿಕೆಗೆ ವರ್ಷ ತುಂಬ್ತಾ ಹೋದ್ರೆ ಬಾಯಿ ಬಿಡೋದು ಇನ್ನೂ ಕಷ್ಟ."

ಅವಳು ಬೈಯಬೇಕೆಂದುಕೊಂಡಳು. ಆಗಲಿಲ್ಲ. ಅಪ್ಪ ಇಷ್ಟು ಚಿಕ್ಕವನಾಗಿ ಕಂಡದ್ದು ಅದೇ ಮೊದಲು.

"ಭಾನುವಾರ ಮಧ್ಯಾಹ್ನ ಅವನನ್ನ ಊಟಕ್ಕೆ ಕರಿ" ಎಂದ ನಾರ್ದು.

"ನಾನ್ಯಾಕೆ? ನೀನೇ ಕರಿ."

ಅವನು ಎದ್ದ. ಹವಾಯಿ ಚಪ್ಪಲಿಯಲ್ಲೇ ಬಂದರಿನ ಕಟ್ಟೆಗೆ ನಡೆದ. ಅಲ್ಲಿಂದ ಹಡಗಿನ ಕಡೆಗೆ ಎರಡೂ ಕೈ ಬಾಯಿಗೆ ಹಿಡಿದು, ತನಗೆ ಬರುವ ನಾಲ್ಕು ಇಟಾಲಿಯನ್ ಪದಗಳಲ್ಲಿ ಕೂಗಿದ್ದು ಇಡೀ ಕೊಲ್ಲಿಗೆ ಕೇಳಿಸಿತು.

"ಏಯ್ ಪೊಜ್ಜಾಲ್ಲೊ! ಭಾನುವಾರ! ಊಟ! ನನ್ನ ಮನೆ! ತಪ್ಪು ನನ್ನದು!"

*

ಭಾನುವಾರ ನಾರ್ದು ತಾನೇ ಮೀನಿನ ಸಾರು ಮಾಡಿದ. ಕೊರಾಡೊ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕುರ್ಚಿಯ ತುದಿಯಲ್ಲಿ ಕೂತಿದ್ದ. ಊಟದ ನಡುವೆ ನಾರ್ದು ಚಮಚ ಕೆಳಗಿಟ್ಟ. ಮಾರ್ತೀಸ್ ನಡುವೆ ಮಾತು ದಾಟಿಸಿದಳು.

"ಹನ್ನೊಂದು ವರ್ಷ ನಿನ್ನ ತಲೆ ಮೇಲೆ ನನ್ನ ಸುಳ್ಳು ಹೊರಿಸಿದ್ದೆ. ತೀರಿಸೋಕೆ ನನ್ನ ಹತ್ತಿರ ಇನ್ನೇನೂ ಇಲ್ಲ. ಇನ್ನೊಂದು ಬಂಡೆ ಇದೆ, ಯಾರಿಗೂ ಗೊತ್ತಿಲ್ಲ. ಅದರ ಗುರುತು ಹೇಳ್ತೀನಿ. ಈ ಸಲ ನಿಜದ್ದು."

ಮಾರ್ತೀಸ್ ತಿರುಗಿಸಿ ಹೇಳುವಷ್ಟರಲ್ಲೇ ಕೊರಾಡೊ ಎರಡೂ ಕಿವಿ ಮುಚ್ಚಿಕೊಂಡ. "ಬೇಡ ಬೇಡ! ನನಗೆ ಹೇಳಬೇಡಿ! ಗೊತ್ತಾದ್ರೆ ಬರೆಯಬೇಕಾಗುತ್ತೆ!"

ನಾರ್ದುಗೆ ಅನುವಾದ ಬೇಕಾಗಲಿಲ್ಲ. ಮೇಜು ತಟ್ಟಿ ನಕ್ಕ. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡ. ಆಮೇಲೆ, ನಿದ್ದೆ ಬರ್ತಿದೆ ಎಂದು ಸುಳ್ಳು ಹೇಳಿ ಒಳಗೆ ಹೋದ.

ಇಬ್ಬರೂ ಹೊರಗೆ ಬಂದರು. ಉಪ್ಪಿನ ಗದ್ದೆಗಳಲ್ಲಿ ಬಿಸಿಲು ಹೊಳೆಯುತ್ತಿತ್ತು. ಸ್ವಲ್ಪ ದೂರ ನಡೆದರು.

"ಅವತ್ತು ಯಾಕೆ ಹೇಳಲಿಲ್ಲ?" ಎಂದಳು ಮಾರ್ತೀಸ್.

"ಏನಂತ ಹೇಳಲಿ? ನಿಮ್ಮಪ್ಪ ನಿನ್ನನ್ನ ನಂಬಲಿಲ್ಲ, ಸುಳ್ಳು ಹೇಳಿದ್ದಾರೆ ಅಂತಾನಾ? ಆ ಗುರುತು ಹೇಳುವಾಗ ನಿನ್ನ ಮುಖ ಹೇಗಿತ್ತು ಗೊತ್ತಾ..." ಅವನು ನಿಂತ. "ನನ್ನನ್ನ ಬಿಟ್ರೆ ನಿನಗೆ ಇನ್ನೊಬ್ಬ ಸಿಗ್ತಾನೆ. ಅಪ್ಪ ಇನ್ನೊಬ್ಬ ಸಿಗಲ್ಲ ಅಂದ್ಕೊಂಡೆ."

"ಸಿಗಲಿಲ್ಲ ಕೊರಾಡೊ."

"ಏನು?"

"ಇನ್ನೊಬ್ಬ. ಸಿಗಲಿಲ್ಲ." ಅವಳ ಕಣ್ಣು ತುಂಬಿತು, ಆದರೆ ದನಿಯಲ್ಲಿ ಬೆಂಕಿಯಿತ್ತು. "ನೀವಿಬ್ಬರೂ ಸೇರಿ ನನ್ನ ಬದುಕನ್ನ ನನ್ನನ್ನ ಕೇಳದೆ ತೀರ್ಮಾನ ಮಾಡಿಬಿಟ್ರಿ! ಅವರು ಹೆದರಿಕೆಯಿಂದ, ನೀನು ಒಳ್ಳೆತನದಿಂದ. ಒಂದು ಸಣ್ಣ ಸುಳ್ಳನ್ನ ತಡ್ಕೊಳ್ಳೋ ಶಕ್ತಿ ನನಗಿರಲಿಲ್ವಾ? ಎರಡು ದಿನ ಅಪ್ಪನ ಮೇಲೆ ಮುನಿಸಿಕೊಂಡಿರ್ತಿದ್ದೆ. ಅಷ್ಟೇ! ಅದಕ್ಕೆ ಹನ್ನೊಂದು ವರ್ಷ..."

ಅವನು ಸಮರ್ಥಿಸಿಕೊಳ್ಳಲಿಲ್ಲ.

"ನಿಜ" ಎಂದ ಕೊನೆಗೆ. "ನಿನ್ನನ್ನ ಕೇಳಬೇಕಿತ್ತು. ತಪ್ಪು ಮಾಡಿದೆ."

ಅವಳು ಬೆನ್ನುಗೈಯಲ್ಲಿ ಕೆನ್ನೆ ಒರೆಸಿಕೊಂಡಳು. ಗಾಳಿ ಅವಳ ಕೂದಲನ್ನು ಮುಖದ ಮೇಲೆಲ್ಲ ಹರಡಿತು. ಅವನು ಕೈ ಎತ್ತಿದ, ಅರ್ಧದಲ್ಲೇ ತಡೆದ. ಅವಳು ತಾನೇ ಅವನ ಕೈ ಹಿಡಿದುಕೊಂಡಳು. ಹದಿನೆಂಟು ದಿನ ಕಾಯುವ ತಾಳ್ಮೆ ಈಗ ಅವಳಿಗಿರಲಿಲ್ಲ.

"ಇನ್ಮೇಲೆ ನನ್ನ ಹತ್ತಿರ ಒಳ್ಳೆಯವನಾಗಬೇಡ. ನಿಜ ಹೇಳು. ಎಷ್ಟೇ ಕೆಟ್ಟದಾಗಿದ್ರೂ."

"ಈಗಲೇ ಶುರುಮಾಡ್ಲಾ?"

"ಮಾಡು."

"ನಿಮ್ಮಪ್ಪನ ಸಾರು ಬಾಯಿಗೆ ಇಡೋಕಾಗಲಿಲ್ಲ. ಅಷ್ಟು ಉಪ್ಪು."

ಅವಳು ಅಳುತ್ತಲೇ ನಕ್ಕುಬಿಟ್ಟಳು. "ಎರಡು ಸಲ ಹಾಕಿಸ್ಕೊಂಡ್ಯಲ್ಲೋ!"

"ಹೆದರಿಕೆಯಿಂದ."

"ಇನ್ನೂ ಏನಾದ್ರೂ ಇದ್ಯಾ?"

ಅವನು ಕಡಲಿನ ಕಡೆ ನೋಡಿದ. ಆಮೇಲೆ ಅವಳ ಕಡೆ.

"ನನ್ನನ್ನ ಇಲ್ಲಿಗೆ ಯಾರೂ ಕಳಿಸಲಿಲ್ಲ ಮಾರ್ತೀಸ್. ಬೇರೊಬ್ಬನ ಹೆಸರಿತ್ತು. ನಾನೇ ಕಾಡಿ ಬೇಡಿ ಬದಲಾಯಿಸ್ಕೊಂಡು ಬಂದೆ. ನೀನು ಇನ್ನೂ ಈ ಕೆಲಸದಲ್ಲಿದ್ದೀಯ ಅಂತ ಯಾರೋ ಹೇಳಿದ್ರು. ಒಂದು ಸಲ ನೋಡಿ ಹೋಗೋಣ ಅಂತ."

"ನೋಡಿದ್ಯಲ್ಲ."

"ನೋಡಿದೆ. ಈಗ ಹೋಗೋಕೆ ಮನಸ್ಸಿಲ್ಲ."

ಅವಳು ಅವನ ಹೆಗಲಿಗೆ ಹಣೆ ಒತ್ತಿ, ಬಹಳ ಮೆಲ್ಲನೆ ಹೇಳಿದಳು.

"ಹೋಗು ಅಂತ ಯಾರು ಹೇಳಿದ್ರು?"